ಬೀಜ ಕಟ್ಟದ ಹುಲ್ಲು: ಮಿಶ್ರತಳಿ ಮೇವು ಮತ್ತು ಎಡೆದೊರೆ ನಾಡು

ಹೈಬ್ರಿಡ್ ನೇಪಿಯರ್ ಎಂಬುದು ಸಜ್ಜೆ ಮತ್ತು ನೇಪಿಯರ್ ಹುಲ್ಲುಗಳ ಸಂಕರದಿಂದ ಹುಟ್ಟಿದ ಬಹುವಾರ್ಷಿಕ ಮೇವು. ಒಮ್ಮೆ ನೆಟ್ಟರೆ ನಾಲ್ಕಾರು ವರ್ಷ ಕೊಯ್ಯಬಹುದು. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳಲ್ಲಿ ಹಾಲಿನ ದನ ಕಟ್ಟಿದವರ ಬೋರ್‌ವೆಲ್ ಪಕ್ಕದಲ್ಲಿ, ಕಾಲುವೆಯ ಬದುವಿನಲ್ಲಿ ಆಳೆತ್ತರ ಮೀರಿ ನಿಂತಿರುವ ಹುಲ್ಲು ಬಹುಪಾಲು ಇದೇ. ಇದನ್ನು ಬೆಳೆಸುವವರು ಕಾಂಡದ ತುಂಡು ತಂದು ನೆಡುತ್ತಾರೆಯೇ ಹೊರತು ಯಾರೂ ಬೀಜ ಬಿತ್ತುವುದಿಲ್ಲ, ಏಕೆಂದರೆ ಇದಕ್ಕೆ ಬೀಜವೇ ಇಲ್ಲ. ಗಾಲ್ಫ್ ಮೈದಾನಗಳ ನುಣ್ಣನೆಯ ಗರಿಕೆಗೂ ಬೀಜವಿಲ್ಲ. ಜಗತ್ತಿನ ಅತ್ಯುತ್ತಮ ಮಿಶ್ರತಳಿ ಹುಲ್ಲುಗಳಲ್ಲಿ ಹಲವು ಬಂಜೆ. ಹಾಗೇಕೆ, ಅದರಿಂದ ರೈತನಿಗೆ ಲಾಭವೇನು, ಎಚ್ಚರ ಏನಿರಬೇಕು ಎಂಬುದೇ ಇಲ್ಲಿನ ವಿಷಯ.

ಎರಡು ನೆಲ, ಎರಡು ಮೇವು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿಗೆ ದನ ಹೊಸದಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ ಹತ್ತಿರದ ಪಿಕಳಿಹಾಳದಲ್ಲಿ ಎಫ್. ಆರ್. ಆಲ್ಚಿನ್ ನಡೆಸಿದ ಉತ್ಖನನದ ವರದಿ 1960ರಲ್ಲಿ ಪ್ರಕಟವಾಯಿತು. ನವಶಿಲಾಯುಗದ ದನಗಾರರು ನೆಲೆಸಿದ್ದ ಜಾಗ ಅದು. ಅಲ್ಲಿನ ಬಂಡೆಗಳ ಮೇಲೆ ಡುಬ್ಬವಿರುವ ಎತ್ತುಗಳ ಚಿತ್ರಗಳು ಇಂದಿಗೂ ಇವೆ. ಆ ಜನರ ದನ ಗುಡ್ಡದಲ್ಲಿ ಮೇಯುತ್ತಿದ್ದವು. ಇಂದಿನ ದನಕ್ಕೆ ಗುಡ್ಡ, ಗಾಯರಾಣ ಹೆಸರಿಗಷ್ಟೇ ಉಳಿದಿವೆ. ಕೊಟ್ಟಿಗೆಗೆ ತಂದು ಹಾಕಿದ್ದನ್ನೇ ಅವು ತಿನ್ನಬೇಕು.

ಕೊಟ್ಟಿಗೆಗೆ ಏನು ಬರುತ್ತದೆ ಎಂಬುದನ್ನು ನೀರು ನಿರ್ಧರಿಸುತ್ತದೆ. ತುಂಗಭದ್ರಾ ಜಲಾಶಯ 1953ರಲ್ಲಿ ನೀರು ಕೊಡತೊಡಗಿದ ಮೇಲೆ ಎಡದಂಡೆ ಕಾಲುವೆಯ ಸಿಂಧನೂರು ಭತ್ತದ ಕಣಜವಾಯಿತು. ಅಲ್ಲಿನ ಮೇವೆಂದರೆ ನೆಲ್ಲುಹುಲ್ಲು. ಅದರಲ್ಲಿ ಸಸಾರಜನಕ ನೂರಕ್ಕೆ ಮೂರು–ನಾಲ್ಕು ಪಾಲು ಮಾತ್ರ, ಸಿಲಿಕಾ ಹೇರಳ. ಹೊಟ್ಟೆ ತುಂಬುತ್ತದೆ, ಹಾಲು ಏರುವುದಿಲ್ಲ. ಅದೂ ಮೊದಲಿನಷ್ಟು ಮನೆಗೆ ಬರುವುದಿಲ್ಲ. ಯಂತ್ರದ ಕೊಯ್ಲು ಬಂದ ಮೇಲೆ ಒಂದಿಷ್ಟು ಗದ್ದೆಯಲ್ಲೇ ಉಳಿದು ಬೆಂಕಿಗೆ ಹೋಗುತ್ತದೆ.

ಲಿಂಗಸುಗೂರು ಮತ್ತು ಮಸ್ಕಿಯ ಮಾತು ಬೇರೆ. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದ ಊರುಗಳನ್ನು ಬಿಟ್ಟರೆ ಉಳಿದದ್ದು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನು ನಂಬಿದ ಮಸಾರಿ ಮತ್ತು ಎರೆ ಹೊಲ. ಮುಂಗಾರಿಗೆ ಸಜ್ಜೆ, ತೊಗರಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಇಲ್ಲಿ ಬಣವಿ ಒಟ್ಟುವುದು ಜೋಳದ ಕಣಿಕೆಯಿಂದ. ಹಿಂಗಾರಿ ಜೋಳ ಆರಿಸುವಾಗ ರೈತ ಕಾಳಿನಷ್ಟೇ ಕಣಿಕೆಯನ್ನೂ ನೋಡುತ್ತಾನೆ. ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಮುಂಗಾರಿ ಜೋಳದ ಚಹರೆಯನ್ನೇ ಹೈಬ್ರಿಡ್‌ಗಳು ಬದಲಿಸಿದವು, ಆದರೆ ಹಿಂಗಾರಿ ಹೊಲದಿಂದ ಹಳೆಯ ಮಾಲ್ದಂಡಿಯನ್ನು, ಅಂದರೆ ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ ಆಯ್ದ ಎಂ 35-1 ತಳಿಯನ್ನು, ಅವು ಕದಲಿಸಲಾಗಲಿಲ್ಲ. ರೊಟ್ಟಿಯ ರುಚಿ ಒಂದು ಕಾರಣ, ದನ ಬಿಡದೆ ತಿನ್ನುವ ಕಣಿಕೆ ಇನ್ನೊಂದು. ತಳಿ ಅಭಿವೃದ್ಧಿಯವರು ಕಾಳಿನ ತೂಕವನ್ನಷ್ಟೇ ನೋಡಿದಾಗ ಆಗುವುದು ಹೀಗೆ.

ಎರಡು ಹುಲ್ಲನ್ನು ಕೂಡಿಸುವುದು ಏಕೆ

ಸಜ್ಜೆಯ ಸೊಪ್ಪೆ ಮೃದು, ಸಿಹಿ, ಎಲೆ ಒರಟಲ್ಲ, ಸಸಾರಜನಕವೂ ಹೆಚ್ಚು. ಆದರೆ ಅದು ಒಂದು ಹಂಗಾಮಿನ ಬೆಳೆ, ತೆನೆ ಬಲಿತರೆ ಮುಗಿಯಿತು. ಆಫ್ರಿಕಾ ಮೂಲದ ನೇಪಿಯರ್‌ಗೆ ಆನೆ ಹುಲ್ಲೆಂದೂ ಹೆಸರು. ಅದು ವರ್ಷಗಟ್ಟಲೆ ಬದುಕುತ್ತದೆ, ಕೊಯ್ದಷ್ಟೂ ಚಿಗುರುತ್ತದೆ. ಆದರೆ ಕಾಂಡ ಗಡುಸು, ಎಲೆಯ ಅಂಚು ಹರಿತ, ಮೈಮೇಲೆ ಚುಚ್ಚುವ ಸುಂಕು. ರೊಡೇಷಿಯಾದ ಬುಲವಾಯೊದಲ್ಲಿದ್ದ ಕರ್ನಲ್ ನೇಪಿಯರ್ 20ನೇ ಶತಮಾನದ ಆರಂಭದಲ್ಲಿ ಈ ಹುಲ್ಲಿನತ್ತ ಕೃಷಿ ಇಲಾಖೆಯ ಗಮನ ಸೆಳೆದರು. ಹೆಸರು ಅವರದೇ ಉಳಿಯಿತು.

ಒಂದರ ಮೃದುತನ, ಇನ್ನೊಂದರ ಆಯುಷ್ಯ ಒಂದೇ ಗಿಡಕ್ಕೆ ಬಂದರೆ ಹೇಗೆ ಎಂಬ ಯೋಚನೆ ಸಹಜವೇ. ಅದು ಸಾಧ್ಯವಾದದ್ದು ಇವೆರಡೂ ಹತ್ತಿರದ ಬಂಧುಗಳಾದ್ದರಿಂದ. ಎರಡೂ ಪೆನ್ನಿಸೆಟಮ್ ಕುಲದವು. 2010ರ ನಂತರದ ವರ್ಗೀಕರಣ ಆ ಕುಲವನ್ನು ಸೆಂಕ್ರಸ್‌ನೊಳಗೆ ಸೇರಿಸಿದೆ. ರೈತರಿಗೂ, ಬೀಜ ನಿಗಮದ ಪಟ್ಟಿಗಳಿಗೂ ಅದರಿಂದ ಏನೂ ವ್ಯತ್ಯಾಸವಾಗಿಲ್ಲ.

ಸಜ್ಜೆ ತಾಯಿ, ನೇಪಿಯರ್ ತಂದೆ

ಸಂಕರ ಎಂದೊಡನೆ ಈ ಭಾಗದವರಿಗೆ ನೆನಪಾಗುವುದು ಬಿತ್ತನೆ ಬೀಜದ ಹತ್ತಿ ಹೊಲ. ಸಂಜೆ ಮೊಗ್ಗು ಬಿಡಿಸಿ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ತಾಗಿಸುವ ಕೆಲಸ. ಹತ್ತಿಯಲ್ಲಿ ಒಂದೊಂದು ಹೂವಿಗೂ ಈ ಕಷ್ಟ ಇದೆ. ಸಜ್ಜೆ ಈ ವಿಷಯದಲ್ಲಿ ತಳಿ ವಿಜ್ಞಾನಿಗೆ ತೀರಾ ಅನುಕೂಲ.

ಸಜ್ಜೆಯ ತೆನೆ ಸುಳಿಯಿಂದ ಹೊರಬಂದಾಗ ಮೊದಲು ಕಾಣುವುದು ಹೆಣ್ಣು ಭಾಗ. ತೆನೆಯ ತುದಿಯ ಕಡೆಯಿಂದ ಕೆಳಕ್ಕೆ ಬಿಳಿಯ, ಕವಲೊಡೆದ, ನವಿರಾದ ಶಲಾಕಾಗ್ರಗಳು ಸಾವಿರಗಟ್ಟಲೆ ಇಣುಕುತ್ತವೆ. ಇಡೀ ತೆನೆ ನೊರೆ ಮೆತ್ತಿದ ಹಾಗೆ ಕಾಣುತ್ತದೆ. ಹಳದಿ ಪರಾಗಕೋಶಗಳು ಹೊರಬರುವುದು ಇನ್ನೂ ಎರಡು ಮೂರು ದಿನ ಕಳೆದ ಮೇಲೆ. ಈ ನಡುವಿನ ಅವಧಿಯಲ್ಲಿ ತೆನೆ ಪೂರ್ತಿ ಹೆಣ್ಣು. ಹೀಗಾಗಿ ಕೇಸರ ಕೀಳುವ ಕೆಲಸವೇ ಇಲ್ಲ. ತೆನೆ ಸುಳಿ ಬಿಡುವಾಗಲೇ ಅದಕ್ಕೆ ಬೆಣ್ಣೆ ಕಾಗದದ ಚೀಲ ತೊಡಿಸುತ್ತಾರೆ. ಗಾಳಿಯಲ್ಲಿ ತೇಲಿ ಬರುವ ಪಕ್ಕದ ಸಜ್ಜೆಯ ಪರಾಗ ಒಳಹೋಗಬಾರದು. ಶಲಾಕಾಗ್ರಗಳು ಅರಳಿದ ಬೆಳಿಗ್ಗೆ ನೇಪಿಯರ್ ತೆನೆಯ ಪರಾಗವನ್ನು ಇನ್ನೊಂದು ಚೀಲದಲ್ಲಿ ಕೊಡವಿಕೊಂಡು ಬಂದು, ಚೀಲ ಎತ್ತಿ ಉದುರಿಸಿ, ಮತ್ತೆ ಮುಚ್ಚಿ, ತಾಯಿ–ತಂದೆಯ ಹೆಸರು ಮತ್ತು ದಿನಾಂಕದ ಚೀಟಿ ಕಟ್ಟುತ್ತಾರೆ. ಗಂಡು ನಪುಂಸಕವಾದ ಸಜ್ಜೆ ತಳಿ ಸಿಕ್ಕರೆ ಕೆಲಸ ಇನ್ನೂ ಹಗುರ.

ಕಷ್ಟ ಇರುವುದು ಕಾಲ ಹೊಂದಿಸುವುದರಲ್ಲಿ. ನೇಪಿಯರ್ ಹೂ ಬಿಡುವುದು ಹಗಲು ಗಿಡ್ಡವಾಗುವ ಚಳಿಗಾಲದಲ್ಲಿ. ಸಜ್ಜೆ ಬಿತ್ತಿದ ಒಂದೂವರೆ–ಎರಡು ತಿಂಗಳಿಗೆ ತೆನೆ ಹಾಕುತ್ತದೆ. ಹಾಗಾಗಿ ಸಜ್ಜೆಯನ್ನು ಹತ್ತು ಹದಿನೈದು ದಿನ ಬಿಟ್ಟು ಬಿಟ್ಟು ಹಲವು ಸಲ ಬಿತ್ತುತ್ತಾರೆ. ಯಾವುದಾದರೂ ಒಂದು ಬಿತ್ತನೆ ನೇಪಿಯರ್ ಹೂವಿಗೆ ಸಿಕ್ಕೇ ಸಿಗುತ್ತದೆ.

ಹೀಗೆ ಬಂದ ಬೀಜ ಬಿತ್ತಿದರೆ ನೂರು ಸಸಿ ನೂರು ಬಗೆ. ನೇಪಿಯರ್ ತಲೆತಲಾಂತರದಿಂದ ಪರಕೀಯ ಪರಾಗಸ್ಪರ್ಶದಿಂದ ಬಂದ ಹುಲ್ಲಾದ್ದರಿಂದ ಅದರ ಒಂದೊಂದು ಪರಾಗಕಣದ ಗುಣವೂ ಬೇರೆ. ಒಂದು ಸಸಿ ಎತ್ತರ, ಒಂದು ಗಿಡ್ಡ; ಒಂದಕ್ಕೆ ಎಲೆ ಜಾಸ್ತಿ, ಇನ್ನೊಂದಕ್ಕೆ ಬರೀ ಕಾಂಡ. ನೂರಾರು ಸಸಿ ನೆಟ್ಟು, ಕೊಯ್ದು, ತೂಗಿ, ದನದ ಮುಂದಿಟ್ಟು, ಸಸಾರಜನಕ ಮತ್ತು ದನದ ಮೈಯ ಸುಣ್ಣದಂಶ ಹಿಡಿಯುವ ಆಕ್ಸಲೇಟ್ ಅಳೆದು, ಕೊನೆಗೆ ಒಂದೇ ಒಂದು ಗಿಡ ಉಳಿಸಿಕೊಳ್ಳುತ್ತಾರೆ. ರೈತರು ಒಂದು ತಳಿ ಎಂದು ಕರೆಯುವ ಲಕ್ಷಾಂತರ ಬುಡಗಳೆಲ್ಲ ಆ ಒಂದು ಗಿಡದ ತುಂಡುಗಳೇ.

ಏಳಕ್ಕೆ ಹದಿನಾಲ್ಕು ಸೇರಿದರೆ

ಬಂಜೆತನದ ಗುಟ್ಟು ವರ್ಣತಂತುಗಳ ಲೆಕ್ಕದಲ್ಲಿದೆ. ಸಜ್ಜೆಯ ಜೀವಕೋಶದಲ್ಲಿ 14 ವರ್ಣತಂತುಗಳಿವೆ, ನೇಪಿಯರ್‌ನಲ್ಲಿ 28. ಸಂತಾನಕ್ಕೆ ಸಜ್ಜೆಯಿಂದ 7, ನೇಪಿಯರ್‌ನಿಂದ 14 ಬಂದು ಒಟ್ಟು 21 ಆಗುತ್ತವೆ. ನೇಪಿಯರ್‌ನ 14ರಲ್ಲಿ 7 ಮಾತ್ರ ಸಜ್ಜೆಯ 7ಕ್ಕೆ ಹತ್ತಿರದ ಹೋಲಿಕೆಯವು. ಅವು ಜೋಡಿ ಕಟ್ಟುತ್ತವೆ. ಮಿಕ್ಕ 7ಕ್ಕೆ ಜೊತೆಯೇ ಇಲ್ಲ. ಪರಾಗ ಮತ್ತು ಅಂಡ ತಯಾರಾಗುವಾಗ ಈ ಒಂಟಿ ವರ್ಣತಂತುಗಳು ದಿಕ್ಕಾಪಾಲಾಗಿ ಹಂಚಿಹೋಗಿ ಎಲ್ಲ ಲೆಕ್ಕ ಕೆಡುತ್ತದೆ. ಕತ್ತೆ ಮತ್ತು ಕುದುರೆಗೆ ಹುಟ್ಟಿದ ಹೇಸರಗತ್ತೆಯ ಸ್ಥಿತಿಯೂ ಇಂಥದ್ದೇ: ದುಡಿಮೆಗೆ ಗಟ್ಟಿ, ಮರಿ ಹಾಕುವುದಿಲ್ಲ.

ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಅವರು ರೂಪಿಸಿದ ವರಲಕ್ಷ್ಮಿ (1972) ಹತ್ತಿಯೂ ಎರಡು ಬೇರೆ ಬೇರೆ ಪ್ರಭೇದಗಳ ಸಂಕರವೇ. ಆದರೆ ಅದರ ತಾಯಿಗೂ ತಂದೆಗೂ 52 ವರ್ಣತಂತುಗಳು. ಸಮ ಸಂಖ್ಯೆ ಇದ್ದುದರಿಂದ ಜೋಡಿ ಸರಿಬಂದು ಕಾಯಿ ಕಟ್ಟಿತು. ಹತ್ತಿಗೆ ಬೀಜ ಕಟ್ಟದಿದ್ದರೆ ಅರಳೆಯೂ ಇಲ್ಲ. ಮೇವಿನ ಹುಲ್ಲಿಗೆ ಹಾಗಲ್ಲ. ಬೀಜ ಆಗದಿರುವುದೇ ಒಳ್ಳೆಯದು. ಗಿಡದ ಶಕ್ತಿ ಕಾಳಿಗೆ ಹರಿಯದೆ ಎಲೆ, ಕಾಂಡದಲ್ಲೇ ಉಳಿಯುತ್ತದೆ. ಬೀಜ ಸಿಡಿದು ಪಕ್ಕದ ಹೊಲಕ್ಕೆ ಕಳೆಯಾಗಿ ನುಗ್ಗುವ ಭಯವೂ ಇಲ್ಲ.

ಬಂಜೆತನ ಹೋಗಲಾಡಿಸುವ ದಾರಿಯೂ ಇದೆ. ಕೊಲ್ಚಿಸಿನ್ ಎಂಬ ರಾಸಾಯನಿಕ ಸೋಕಿಸಿದರೆ ಕೋಶ ಒಡೆಯುವುದು ನಿಂತು ವರ್ಣತಂತುಗಳು ಇಮ್ಮಡಿಯಾಗಿ 42 ಆಗುತ್ತವೆ. ಆಗ ಪ್ರತಿಯೊಂದಕ್ಕೂ ಜೊತೆ ಸಿಕ್ಕು ಬೀಜ ಕಟ್ಟುತ್ತದೆ. ಇಂಥ ಗಿಡಗಳನ್ನು ಸಂಶೋಧಕರು ಮುಂದಿನ ಸಂಕರಕ್ಕೆ ಬಳಸುತ್ತಾರೆ. ಹೊಲದಲ್ಲಿ ಮಾತ್ರ ಗೆದ್ದಿರುವುದು 21ರ ಬಂಜೆ ಗಿಡವೇ.

ಕೊಯಮತ್ತೂರಿನಿಂದ ಧಾರವಾಡಕ್ಕೆ

ಸಜ್ಜೆ–ನೇಪಿಯರ್ ಸಂಕರದ ಬಗ್ಗೆ ಅಮೆರಿಕದ ಗ್ಲೆನ್ ಬರ್ಟನ್ 1944ರಲ್ಲಿ ಬರೆದರು. ಭಾರತದಲ್ಲಿ ಮೊದಲು ಕೈಹಾಕಿದ್ದು ಕೊಯಮತ್ತೂರು; ಅಲ್ಲಿ 1950ರ ದಶಕದಲ್ಲಿ ಮಿಶ್ರತಳಿ ಹೊರಬಂತು. ನಂತರ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಜೈಂಟ್, ಲುಧಿಯಾನದ ಎನ್‌ಬಿ-21 ದೇಶದ ತುಂಬ ಹೆಸರು ಮಾಡಿದವು. ಝಾನ್ಸಿಯಲ್ಲಿ 1962ರಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಇರುವುದು ಧಾರವಾಡದಲ್ಲಿ. ಕರ್ನಾಟಕದ ನೀರಾವರಿ ಪ್ರದೇಶಕ್ಕೆಂದೇ ಆ ಕೇಂದ್ರ ರೂಪಿಸಿದ ಮಿಶ್ರತಳಿ ಡಿಎಚ್‌ಎನ್-6, ಅಂದರೆ ‘ಸಂಪೂರ್ಣ’, ಬಂದದ್ದು 2008ರಲ್ಲಿ. ಅದೇ ವರ್ಷ ರಾಯಚೂರಿನಲ್ಲಿ ಪ್ರತ್ಯೇಕ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ಶುರುವಾಯಿತು.

ಆದರೂ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಒ-3, ಸಿಒ-4, ಸಿಒ-5. ಇವುಗಳಲ್ಲಿ ಸಿಒ-4 ಎಂಬುದು ಸಿಒ-8 ಸಜ್ಜೆಗೂ ಎಫ್‌ಡಿ 461 ಎಂಬ ನೇಪಿಯರ್‌ಗೂ ಹುಟ್ಟಿದ್ದು. ಹೆಕ್ಟೇರಿಗೆ ವರ್ಷಕ್ಕೆ 380–400 ಟನ್ ಹಸಿ ಮೇವು ಎಂದು ವಿಶ್ವವಿದ್ಯಾಲಯ ಹೇಳುತ್ತದೆ, ಎಕರೆಗೆ 150 ಟನ್ನಿಗೂ ಮೇಲಾಯಿತು. ಇದು ನೀರು, ಗೊಬ್ಬರ ಕಾಲಕಾಲಕ್ಕೆ ಬಿದ್ದ ಸಂಶೋಧನಾ ತಾಕಿನ ಲೆಕ್ಕ. ಎರೆಹೊಲದ ಮೂಲೆಯಲ್ಲಿ ಇದನ್ನು ನಿರೀಕ್ಷಿಸುವುದು ಬೇಡ. ಅರ್ಧವೇ ಸಿಕ್ಕರೂ ಹತ್ತು ಗುಂಟೆಗೆ ದಿನಕ್ಕೆ ಸರಾಸರಿ 50 ಕಿಲೋ ಹಸಿ ಮೇವಾಗುತ್ತದೆ. ಎರಡು ಹಾಲಿನ ಹಸುಗಳ ಹಸಿ ಮೇವಿಗೆ ಅಷ್ಟು ಸಾಕು. ರಾಬಕೊವಿ ಹಾಲು ಒಕ್ಕೂಟದ ಡೇರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕುವ ಸಣ್ಣ ರೈತನಿಗೆ ಮುಖ್ಯವಾಗುವುದು ಈ ಹತ್ತು ಗುಂಟೆಯ ಲೆಕ್ಕವೇ, ಹೆಕ್ಟೇರಿನದಲ್ಲ.

ಗರಿಕೆಯನ್ನು ಕಂಬಳಿ ಮಾಡಿದ ಬರ್ಟನ್

ಮೇವಿನ ಹುಲ್ಲು ಮತ್ತು ಮೈದಾನದ ಹುಲ್ಲು ಎರಡು ಬೇರೆ ಲೋಕ ಅನ್ನಿಸಬಹುದು. ಗ್ಲೆನ್ ಬರ್ಟನ್ (1910–2005) ಅವೆರಡನ್ನೂ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಸಣ್ಣ ಊರಿನಲ್ಲಿ ಕೂತು ಮಾಡಿದರು. 1936ರಲ್ಲಿ ಅಲ್ಲಿಗೆ ಬಂದವರು ಮತ್ತೆ ಊರು ಬಿಡಲಿಲ್ಲ. ಗರಿಕೆಯನ್ನು ಅಲ್ಲಿನ ಹತ್ತಿ ಬೆಳೆಗಾರರು ನಮ್ಮವರಷ್ಟೇ ಬೈಯುತ್ತಿದ್ದರು. ಹೊಲ ಹೊಕ್ಕರೆ ಕಿತ್ತು ಮುಗಿಯದ ಕಳೆ. ಟಿಫ್ಟನ್ ಬಳಿಯ ಹತ್ತಿ ಹೊಲವೊಂದರಲ್ಲಿ ಸಿಕ್ಕ ಗರಿಕೆಯನ್ನು ದಕ್ಷಿಣ ಆಫ್ರಿಕಾದ ಗರಿಕೆಯೊಂದಿಗೆ ಕೂಡಿಸಿ, ಸುಮಾರು 5,000 ಸಸಿಗಳಲ್ಲಿ ಅವರು ಆರಿಸಿದ್ದು ‘ಕೋಸ್ಟಲ್’. 1943ರಲ್ಲಿ ಹೊರಬಂದ ಈ ಮೇವಿನ ಗರಿಕೆ ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳ ಲಕ್ಷಾಂತರ ಎಕರೆ ಆವರಿಸಿತು.

ಆಮೇಲಿನದು ಹುಲ್ಲುಹಾಸು. ನಮ್ಮ ಗಣಪನ ಗರಿಕೆ ಸಾಮಾನ್ಯವಾಗಿ 36 ವರ್ಣತಂತುಗಳದ್ದು. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಗರಿಕೆ 18ರದ್ದು, ಎಲೆ ಕೂದಲೆಳೆಯಷ್ಟು ಸಣ್ಣ. ಎರಡರ ಸಂತಾನ 27, ಅದೂ ಬಂಜೆ. ಟಿಫ್‌ಗ್ರೀನ್ (1956), ಟಿಫ್‌ವೇ (1960), ಟಿಫ್‌ಡ್ವಾರ್ಫ್ (1965) ಎಂಬ ಈ ಸಾಲಿನ ಹುಲ್ಲುಗಳು ಬಿಸಿನಾಡಿನ ಗಾಲ್ಫ್ ಮತ್ತು ಫುಟ್‌ಬಾಲ್ ಮೈದಾನಗಳನ್ನು ಹಿಡಿದವು. ತೆನೆ ಬಲಿಯುವುದಿಲ್ಲ, ಒಂದೇ ಗಿಡದ ತುಂಡುಗಳಾದ್ದರಿಂದ ಇಡೀ ಮೈದಾನ ಒಂದೇ ಬಣ್ಣ, ಒಂದೇ ನೇಯ್ಗೆ. ಬೀಜವೇ ಇಲ್ಲದ ಇವನ್ನು ಸಂಕರದಿಂದ ಮುಂದೆ ಬೆಳೆಸುವಂತಿಲ್ಲ. ಟಿಫ್‌ಈಗಲ್ ಎಂಬ ಇನ್ನೂ ನುಣುಪಾದ ಹುಲ್ಲನ್ನು ವೇಯ್ನ್ ಹನ್ನಾ ಪಡೆದದ್ದು ತುಂಡುಗಳಿಗೆ ಗಾಮಾ ಕಿರಣ ಹಾಯಿಸಿ.

ಬರ್ಟನ್‌ಗೂ ನಮ್ಮ ಸಜ್ಜೆ ಹೊಲಕ್ಕೂ ನೇರ ನಂಟಿದೆ. ಅವರ ಟಿಫ್ಟ್ 23ಎ ಎಂಬ ಗಂಡು ನಪುಂಸಕ ಸಜ್ಜೆಯನ್ನು ತಾಯಿಯಾಗಿಟ್ಟು ಲುಧಿಯಾನದಲ್ಲಿ 1965ರಲ್ಲಿ ದೇಶದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ತಯಾರಾಯಿತು. ಇಳುವರಿ ಜಿಗಿಯಿತು. ಅದರ ಬೆನ್ನಿಗೆ ಬಂದ ಹೈಬ್ರಿಡ್‌ಗಳಿಗೂ ತಾಯಿ ಅದೇ. ದೇಶದ ಉದ್ದಗಲಕ್ಕೆ ಒಂದೇ ತಾಯಿಯ ಬೆಳೆ ನಿಂತಿದ್ದಾಗ 1971 ಮತ್ತು 1974ರಲ್ಲಿ ಕೇದಿಗೆ ರೋಗ ಎರಗಿತು. ತೆನೆಯಲ್ಲಿ ಕಾಳಿನ ಜಾಗದಲ್ಲಿ ಹಸಿರೆಲೆಯ ಕುಚ್ಚು ಎದ್ದು ಬೆಳೆ ನೆಲಕಚ್ಚಿತು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆಯ ಸಜ್ಜೆ ಕೆಲಸದ ದೊಡ್ಡ ಪಾಲು ಈ ರೋಗವನ್ನು ತಡೆಯುವ ತಳಿಗಳಿಗೇ ಮೀಸಲಾಯಿತು.

ಒಂದೇ ಗಿಡದ ತುಂಡುಗಳನ್ನು ಊರೂರಿಗೆ ಹಂಚುವ ನೇಪಿಯರ್‌ಗೂ ಈ ಅಪಾಯ ತಪ್ಪಿದ್ದಲ್ಲ. ಕೀನ್ಯಾ, ಉಗಾಂಡಾಗಳ ಡೇರಿ ರೈತರು ನೇಪಿಯರ್ ಗಿಡ್ಡಾಗಿ ಹಳದಿಗಟ್ಟಿ ಸಾಯುವ ಫೈಟೊಪ್ಲಾಸ್ಮಾ ರೋಗದಿಂದ ಬಹಳ ಕಳೆದುಕೊಂಡಿದ್ದಾರೆ. ರೋಗ ಹರಡಿದ್ದರಲ್ಲಿ ನೆಡುವ ತುಂಡುಗಳ ಪಾಲೂ ಇದೆ. ಆದ್ದರಿಂದ ಎರಡು ಮೂರು ತಳಿಗಳನ್ನು ಬೇರೆ ಬೇರೆ ಸಾಲಿನಲ್ಲಿ ಇಟ್ಟುಕೊಳ್ಳುವ ರೈತ ಜಾಣ.

ಕೂಡಲೊಲ್ಲದ ಹುಲ್ಲುಗಳು

ಲಿಂಗಸುಗೂರು, ಮಸ್ಕಿಯ ಒಣ ಮಸಾರಿಗೆ ಸರಿಹೊಂದುವ ಹುಲ್ಲು ಅಂಜನ್, ವಿಜ್ಞಾನಿಗಳ ಸೆಂಕ್ರಸ್ ಸಿಲಿಯಾರಿಸ್. ಬೇರು ಆಳ, ಬರಕ್ಕೆ ಬಗ್ಗುವುದಿಲ್ಲ, ಕುರಿ ಮೇಯಿಸಲು ಚೆನ್ನ. ಇದನ್ನು ಸುಧಾರಿಸಲು ಹೊರಟವರಿಗೆ ಎದುರಾದ ತೊಡಕು ವಿಚಿತ್ರ. ಅಂಜನ್‌ನಲ್ಲಿ ಬೀಜ ಕಟ್ಟುತ್ತದೆ, ಆದರೆ ಗಂಡು–ಹೆಣ್ಣು ಕೂಡದೆಯೇ ಕಟ್ಟುತ್ತದೆ. ಬೀಜದೊಳಗಿನ ಭ್ರೂಣ ತಾಯಿಯ ಕೋಶದಿಂದಲೇ ನೇರ ಬೆಳೆದದ್ದು, ತಾಯಿಯ ಪಡಿಯಚ್ಚು. ಯಾರ ಪರಾಗ ಉದುರಿಸಿದರೂ ಮಗಳು ತಾಯಿಯ ಹಾಗೆಯೇ ಹುಟ್ಟುತ್ತಾಳೆ. ಗಿನಿ ಹುಲ್ಲಿನದೂ ಇದೇ ಹಟ.

ಬೀಗ ತೆರೆದದ್ದು ಅಪರೂಪದ ಒಂದು ಗಿಡ. ಸಹಜವಾಗಿ ಗರ್ಭಕಟ್ಟುವ ಅಂಜನ್ ಟೆಕ್ಸಾಸ್‌ನಲ್ಲಿ ಸಿಕ್ಕಿತು. ಇ. ಸಿ. ಬಾಶಾ 1962ರಲ್ಲಿ ಅದರ ವಿವರ ಪ್ರಕಟಿಸಿದರು. ಅದನ್ನು ತಾಯಿ ಮಾಡಿ, ಪಡಿಯಚ್ಚಿನ ಗಿಡವನ್ನು ತಂದೆ ಮಾಡಿದರೆ ಸಂಕರ ಸಾಧ್ಯ. ಹಾಗೆ ಬಂದ ಮಕ್ಕಳಲ್ಲಿ ಕೆಲವಕ್ಕೆ ತಂದೆಯ ಗುಣ ಬಂದು ಮತ್ತೆ ಪಡಿಯಚ್ಚಿನ ಬೀಜವನ್ನೇ ಕಟ್ಟುತ್ತವೆ. ಆಗ ಆ ಹೈಬ್ರಿಡ್‌ನ ಬೀಜವನ್ನು ಎಷ್ಟು ತಲೆಮಾರು ಬಿತ್ತಿದರೂ ಗುಣ ಕೆಡುವುದಿಲ್ಲ! ಕೊಲಂಬಿಯಾದ ಸಿಯಾಟ್ ಸಂಸ್ಥೆ ಇದೇ ಹಾದಿಯಲ್ಲಿ ಬ್ರಾಕಿಯೇರಿಯಾ ಹುಲ್ಲುಗಳನ್ನು ಕೂಡಿಸಿ ‘ಮುಲಾಟೊ’ ತಳಿಗಳನ್ನು 2000ದ ದಶಕದಲ್ಲಿ ಹೊರತಂದಿತು. ನೇಪಿಯರ್‌ಗೆ ಇಲ್ಲದ ಬೀಜದ ಅನುಕೂಲ ಇವಕ್ಕಿದೆ. ಸಜ್ಜೆ, ಭತ್ತದಂಥ ಆಹಾರ ಬೆಳೆಗೆ ಈ ಗುಣ ತರುವ ಕನಸು ಪ್ರಯೋಗಾಲಯಗಳಲ್ಲಿ ಇನ್ನೂ ನಡೆದಿದೆ. ಅದು ಕೈಗೂಡಿದರೆ ರೈತ ಪ್ರತಿವರ್ಷ ಹೈಬ್ರಿಡ್ ಬೀಜ ಕೊಳ್ಳಬೇಕಿಲ್ಲ. ಬೀಜದ ಕಂಪನಿಗಳು ಆ ದಿನವನ್ನು ಎಷ್ಟು ಆತುರದಿಂದ ಕಾಯುತ್ತಿವೆ ಎಂಬುದನ್ನು ಓದುಗರೇ ಊಹಿಸಲಿ.

ಜೋಳದ ಮನೆಗೆ ಸುಡಾನ್ ಬೀಗತನ

ಬೋರ್‌ನಲ್ಲಿ ನೀರು ಅಷ್ಟಿಷ್ಟು ಇರುವವರಿಗೆ ನೇಪಿಯರ್‌ಗಿಂತ ಹಲವು ಕೊಯ್ಲಿನ ಮೇವಿನ ಜೋಳ ಮೇಲು. ಜೋಳವನ್ನು ಸುಡಾನ್ ಹುಲ್ಲಿನೊಂದಿಗೆ ಕೂಡಿಸಿ ಮಾಡಿದ್ದು. ಎರಡಕ್ಕೂ 20 ವರ್ಣತಂತುಗಳಾದ್ದರಿಂದ ಬೀಜ ಚೆನ್ನಾಗಿ ಕಟ್ಟುತ್ತದೆ. ಕೊಯಮತ್ತೂರಿನ ಸಿಒಎಫ್‌ಎಸ್-29 ಈ ಬಗೆಯದು, 2001ರದ್ದು. ಮೊದಲ ಕೊಯ್ಲು 65–70 ದಿನಕ್ಕೆ, ಆಮೇಲೆ ಸುಮಾರು 50 ದಿನಕ್ಕೊಮ್ಮೆ. ಕಾಂಡ ತೆಳು, ದನ ಚೂರೂ ಬಿಡುವುದಿಲ್ಲ.

ಎಳೆಯ ಜೋಳದಲ್ಲಿರುವ ವಿಷ ಹಳ್ಳಿಯವರಿಗೆ ಗೊತ್ತಿದ್ದದ್ದೇ. ಜೋಳದ ಕೂಳೆಯ ಚಿಗುರು ಮೇದ ದನ ನಿಂತಲ್ಲೇ ಉಸಿರುಕಟ್ಟಿ ಬೀಳುತ್ತದೆ. ಎಲೆಯ ಧುರಿನ್ ಎಂಬ ವಸ್ತು ದನದ ಹೊಟ್ಟೆಯಲ್ಲಿ ಸಯನೈಡ್ ಆಗುವುದು ಕಾರಣ. ಮಳೆ ಕೈಕೊಟ್ಟು ಬಾಡಿದ ಬೆಳೆಯಲ್ಲಿ ಅದು ಇನ್ನೂ ಹೆಚ್ಚು. ಮೊದಲ ಕೊಯ್ಲನ್ನು 50 ದಿನಕ್ಕೆ ಮುಂಚೆ ಹಾಕಬಾರದು. ಸಜ್ಜೆ ಮತ್ತು ನೇಪಿಯರ್‌ನಲ್ಲಿ ಈ ವಿಷವಿಲ್ಲ.

ನೆಡುವುದು, ಕೊಯ್ಯುವುದು, ಹಾಕುವುದು

ನೇಪಿಯರ್‌ನ ಮೂರು ತಿಂಗಳು ಬಲಿತ ಕಾಂಡವನ್ನು ಎರಡು ಅಥವಾ ಮೂರು ಗಿಣ್ಣು ಬರುವಂತೆ ತುಂಡರಿಸಬೇಕು. ಬೋದಿನ ಪಕ್ಕದಲ್ಲಿ ಓರೆಯಾಗಿ ಊರಿ, ಒಂದು ಗಿಣ್ಣು ಮಣ್ಣಿನೊಳಗೆ, ಇನ್ನೊಂದು ಮೇಲೆ ಇರುವಂತೆ ನೋಡಿಕೊಳ್ಳಬೇಕು; ಕಣ್ಣು ಮೇಲ್ಮುಖವಾಗಿರಲಿ. ಸಾಲಿನಿಂದ ಸಾಲಿಗೆ ಎರಡು–ಮೂರು ಅಡಿ ಸಾಕು. ಎರೆ ಭೂಮಿಯಲ್ಲಿ ನೀರು ನಿಂತರೆ ತುಂಡು ಕೊಳೆಯುತ್ತದೆ, ಆದ್ದರಿಂದ ಬೋದು ಬೇಕೇ ಬೇಕು. ಮೊದಲ ಕೊಯ್ಲು ಎರಡೂವರೆ ತಿಂಗಳಿಗೆ, ಆಮೇಲೆ 45 ದಿನಕ್ಕೊಮ್ಮೆ. ನೆಲದಿಂದ ಗೇಣುದ್ದದೊಳಗೆ ಬುಡ ಬಿಟ್ಟು ಕೊಯ್ಯಬೇಕು, ಪ್ರತಿ ಕೊಯ್ಲಿನ ನಂತರ ಒಂದಿಷ್ಟು ಯೂರಿಯಾ ಮತ್ತು ನೀರು. ಬೆಳೆದು ಬೆಳೆದು ಎಂಟಡಿ ಆಗಲೆಂದು ಕಾದವರಿಗೆ ಸಿಗುವುದು ನಾರು.

ಸಿಂಧನೂರಿನ ಕಡೆ ಇಲ್ಲೊಂದು ಸೂಕ್ಷ್ಮವಿದೆ. ನೇಪಿಯರ್ ಎಲೆಯಲ್ಲಿ ಆಕ್ಸಲೇಟ್ ಇದೆ, ನೆಲ್ಲುಹುಲ್ಲಿನಲ್ಲೂ ಇದೆ. ಎರಡೂ ದನದ ಮೈಯ ಸುಣ್ಣದಂಶವನ್ನು ಹಿಡಿದುಕೊಂಡು ಸಗಣಿಯಲ್ಲಿ ಹೊರಹಾಕುತ್ತವೆ. ಒಣಹುಲ್ಲು ಭತ್ತದ್ದು, ಹಸಿಹುಲ್ಲು ನೇಪಿಯರ್ ಎಂದಾದಾಗ ಹೆಚ್ಚು ಹಾಲು ಕೊಡುವ ಹಸುವಿಗೆ ಕರು ಹಾಕಿದ ಮೇಲೆ ಹಾಲುಜ್ವರದ ಅಪಾಯ ಹೆಚ್ಚು. ಎಳೆಯ ಹುಲ್ಲಿನಲ್ಲಿ ಆಕ್ಸಲೇಟ್ ಜಾಸ್ತಿ ಎಂಬುದೂ 45 ದಿನ ಕಾಯಲು ಒಂದು ಕಾರಣ. ಖನಿಜ ಮಿಶ್ರಣ ಹಾಕಿ, ಜೊತೆಗೆ ದ್ವಿದಳದ ಮೇವು ಸೇರಿಸಬೇಕು: ಕುದುರೆಮೆಂತ್ಯ, ಅಲಸಂದೆ, ಬದುವಿನ ಅಗಸೆ ಮರದ ಸೊಪ್ಪು. ಲಿಂಗಸುಗೂರು, ಮಸ್ಕಿಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಅಲ್ಲಿನ ತೊಗರಿ ಹೊಟ್ಟು, ಕಡಲೆ ಹೊಟ್ಟು, ಶೇಂಗಾ ಬಳ್ಳಿ ಈ ಕೊರತೆಯನ್ನು ಮೊದಲಿಂದಲೂ ತುಂಬುತ್ತಿವೆ.

ಕಾಲುವೆಯ ನೀರನ್ನೇ ನಂಬಿ ಎಕರೆಗಟ್ಟಲೆ ನೇಪಿಯರ್ ಹಾಕುವುದು ಬೇಡ. ಬೇಸಿಗೆಗೆ ಕಾಲುವೆ ನಿಲ್ಲುತ್ತದೆ, ಹುಲ್ಲಿಗೆ ನೀರು ಬೇಕಾಗುವುದು ಆಗಲೇ. ನೀರು ಬಸಿಯದೆ ಸವಳು ಹತ್ತಿದ ತಗ್ಗು ಹೊಲವಿದ್ದರೆ ಅಲ್ಲಿ ನೇಪಿಯರ್ ಏಳುವುದಿಲ್ಲ. ಜೌಗಿನಲ್ಲೇ ಬೆಳೆಯುವ ಪ್ಯಾರಾ ಹುಲ್ಲು ಅಂಥ ನೆಲಕ್ಕೆ ಆಗುತ್ತದೆ. ಗರಿಕೆಯೂ ಉಪ್ಪನ್ನು ಚೆನ್ನಾಗಿ ತಾಳುತ್ತದೆ. ಸವಳು ಹೊಲದಲ್ಲಿ ಬೇರೆಲ್ಲ ಸತ್ತ ಮೇಲೂ ಅದು ಹಸಿರಾಗಿ ಹಬ್ಬಿರುವುದನ್ನು ಕಾಲುವೆ ಪಕ್ಕದವರು ನೋಡಿಯೇ ಇರುತ್ತಾರೆ.

ಪೊಟ್ಟಣದ ಮೇಲಿನ ಹೆಸರುಗಳು

ಕಳೆದ ಕೆಲವು ವರ್ಷಗಳಿಂದ ‘ಸೂಪರ್ ನೇಪಿಯರ್’ ಎಂಬ ಹೆಸರು ಮೊಬೈಲ್ ವಿಡಿಯೊಗಳಲ್ಲಿ ಓಡಾಡುತ್ತಿದೆ. ಮೂಲದಲ್ಲಿ ಅದು ಥಾಯ್ಲೆಂಡಿನ ಪಾಕ್‌ಚೊಂಗ್-1. ಅಲ್ಲಿನ ಪಶುಸಂಗೋಪನಾ ಇಲಾಖೆಯ ಕ್ರೈಲಾಸ್ ಕಿಯೊತೊಂಗ್ ರೂಪಿಸಿದ್ದು. ಅದೂ ಸಜ್ಜೆ–ನೇಪಿಯರ್ ಸಂಕರವೇ. ಒಳ್ಳೆಯ ಹುಲ್ಲು, ಸಂಶಯವಿಲ್ಲ. ಆದರೆ ಸಸಾರಜನಕ ನೂರಕ್ಕೆ ಹದಿನೆಂಟು ಎಂದು ಮಾರುವವರು ಹೇಳುವ ಲೆಕ್ಕವನ್ನು ನಂಬುವಂತಿಲ್ಲ. ಇಂಥ ಮಿಶ್ರತಳಿಗಳನ್ನು 45–60 ದಿನಕ್ಕೆ ಕೊಯ್ದರೆ ಸಾಮಾನ್ಯವಾಗಿ ಸಿಗುವುದು ಎಂಟರಿಂದ ಹತ್ತು–ಹನ್ನೆರಡು. ಹೆಚ್ಚು ಬೇಕೆಂದರೆ ತಳಿಗಿಂತ ಮುಖ್ಯ ಕೊಯ್ಯುವ ವಯಸ್ಸು ಮತ್ತು ಹಾಕುವ ಗೊಬ್ಬರ.

ಇನ್ನೂ ದೊಡ್ಡ ಮೋಸವೆಂದರೆ ‘ಸೂಪರ್ ನೇಪಿಯರ್ ಬೀಜ’, ‘ಹೈಬ್ರಿಡ್ ನೇಪಿಯರ್ ಬೀಜ’ ಎಂಬ ಆನ್‌ಲೈನ್ ಪೊಟ್ಟಣಗಳು. ಮೇಲೆ ಹೇಳಿದ 21ರ ಲೆಕ್ಕ ನೆನಪಿದ್ದರೆ ಸಾಕು. ಆ ಗಿಡ ಬೀಜ ಕಟ್ಟುವುದೇ ಇಲ್ಲ. ಪೊಟ್ಟಣದಲ್ಲಿ ಇರುವುದು ಸಜ್ಜೆಯೋ ಮೇವಿನ ಜೋಳವೋ ಇನ್ನಾವುದೋ ಹುಲ್ಲೋ, ಹೈಬ್ರಿಡ್ ನೇಪಿಯರ್ ಅಂತೂ ಅಲ್ಲ. ಅದಕ್ಕೆ ಹಣ ಕಳಿಸಬೇಡಿ. ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ತಾಲೂಕಿನ ಪಶು ಆಸ್ಪತ್ರೆ, ಧಾರವಾಡದ ಮೇವು ಸಂಶೋಧನಾ ಕೇಂದ್ರ, ಇವರಲ್ಲಿ ಒಬ್ಬರನ್ನು ಕೇಳಿ ತುಂಡುಗಳು ಎಲ್ಲಿ ಸಿಗುತ್ತವೆ ಎಂದು ತಿಳಿದುಕೊಳ್ಳಿ. ತರುವಾಗ ತಳಿಯ ಹೆಸರು ಬರೆದಿಟ್ಟುಕೊಳ್ಳಿ. ಮುಂದೆ ನಿಮ್ಮ ಬದುವಿನಿಂದ ತುಂಡು ಕೇಳಿ ಬರುವವರಿಗೆ ಹೆಸರನ್ನೂ ಸೇರಿಸಿ ಕೊಡಿ.